ಸೋಮವಾರದ ಗುಳಿಗೆ

ಈರಮ್ಮ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಬಿದ್ದಿಲ್ಲ, ಕೂತೆ ಅಷ್ಟೇ ಎಂದು ಅವರು ಇಂದಿಗೂ ವಾದ ಮಾಡುತ್ತಾರೆ. ನಾನು ಕಣ್ಣಾರೆ ಕಂಡವಳು. ಊಟದ ಡಬ್ಬಿ ಹಿಡಿದು ಅವರ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಮಣೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವರು ನೀರಿಗೆಂದು ಎದ್ದರು, ಗೋಡೆ ಹಿಡಿಯಲು ಕೈ ಚಾಚಿದರು, ಗೋಡೆ ಸಿಗಲಿಲ್ಲ. ಹಿಟ್ಟಿನ ಪರಾತ ಮಗುಚಿತು. ನೆಲದ ಒಲೆಯ ಮೇಲೆ ಕಾದ ಹಂಚಿಗೂ ಅವರ ತಲೆಗೂ ಒಂದು ಗೇಣು ಅಂತರವಿತ್ತು.

"ಈರಮ್ಮಾ! ಏನಾಯ್ತ್ರೀ?" ಎಂದು ಕಿರುಚಿದೆ.

"ಯಾನೂ ಆಗಿಲ್ರಿ ಅನಸೂಯಮ್ಮಾ. ಮದ್ಲ ಆ ಗ್ಯಾಸ್ ಬಂದ್ ಮಾಡ್ರಿ, ರೊಟ್ಟಿ ಸೀದ್ಹೋಗ್ತದ."

ಮುಖ ಸುಣ್ಣದಂತಾಗಿದೆ, ಮೈ ಬೆವರಿನಲ್ಲಿ ತೊಯ್ದಿದೆ, ಚಿಂತೆ ರೊಟ್ಟಿಯದು! ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ.

ನಾನು ಮೈಸೂರಿನವಳು. ಗಂಡನಿಗೆ ಮರಾಠಿ ನಾಡಿನ ಈ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಈರಮ್ಮ ಬೀದರ್ ಜಿಲ್ಲೆಯ ಔರಾದಿನ ಕಡೆಯವರು. ಅವರ ಯಜಮಾನರು ವೈಜನಾಥ ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದರು. ಊರ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಬಂದಾಗ ಅವರ ಮನೆಯಲ್ಲೇ ಉಣ್ಣುತ್ತಿದ್ದರಂತೆ. ವೈಜನಾಥರು ತೀರಿಕೊಂಡ ಮೇಲೆ ಆ ಊಟವೇ ಈರಮ್ಮನ ಜೀವನಕ್ಕೆ ದಾರಿಯಾಯಿತು. ಬೋರ್ಡಿಲ್ಲ, ಹೆಸರಿಲ್ಲ. ಆದರೂ ಓಝರ್‌ಗೆ ಹೊಸದಾಗಿ ಬಂದ ಯಾವ ಕನ್ನಡದವನನ್ನು ಕೇಳಿದರೂ ಈರಮ್ಮನ ಮೆಸ್ಸಿನ ದಾರಿ ತೋರಿಸುತ್ತಾನೆ. ಚಪಾತಿ ಲಟ್ಟಿಸುವುದೆಂದರೆ ನನಗೆ ತಲೆನೋವು. ಆದ್ದರಿಂದ ವಾರದಲ್ಲಿ ಮೂರ್ನಾಲ್ಕು ದಿನ ನಮ್ಮ ಊಟವೂ ಅಲ್ಲಿಂದಲೇ.

ಆ ಮೆಸ್ಸಿಗೆ ಎರಡು ಕಟ್ಟಳೆಗಳಿದ್ದವು. ಸೋಮವಾರ ರಜೆ, ಏಕೆಂದರೆ ಅಂದು ಈರಮ್ಮನದು ಒಪ್ಪತ್ತು. ಬೆಳಿಗ್ಗೆ ಪೂಜೆ ಮಾಡಿ, ಲಿಂಗಕ್ಕೆರೆದ ನೀರನ್ನು ಪಾದೋದಕವೆಂದು ತೆಗೆದುಕೊಂಡರೆ, ಊಟ ಸಂಜೆಯ ಪೂಜೆಯಾದ ಮೇಲೆಯೇ. ಎರಡನೆಯದು ಹುಡುಗರಿಗೆ ಬಹಳ ಪ್ರಿಯವಾದ ಕಟ್ಟಳೆ: ಒಂದು ದಿನ ಉಣ್ಣಲು ಬರದಿದ್ದವರಿಗೆ ಮರುದಿನ ಅದನ್ನೂ ಸೇರಿಸಿ ಬಡಿಸುವುದು. ನಿನ್ನೆ ಬಿಟ್ಟ ರೊಟ್ಟಿ ಇವತ್ತು ಹೆಚ್ಚಿಗೆ ಬರುತ್ತದೆ, ನಿನ್ನೆ ಹೋಳಿಗೆ ಮಾಡಿದ್ದರೆ ನಿಮ್ಮ ಪಾಲು ಡಬ್ಬಿಯಲ್ಲಿ ಕಾದಿರುತ್ತದೆ. ಯಾರ ತುತ್ತೂ ತಮ್ಮ ಮನೆಯಲ್ಲಿ ಉಳಿಯಬಾರದು ಎನ್ನುವುದು ಈರಮ್ಮನ ಹಟ.

ಬಿ.ಪಿ. ಇದೆ ಎಂದು ತಿಳಿದದ್ದು ಹಿಂದಿನ ವರ್ಷ. ನಮ್ಮ ಬೀದಿಯ ತುದಿಯ ಡಾಕ್ಟರ್ ಶಶಿಕಾಂತ ದಿನಕ್ಕೊಂದು ಗುಳಿಗೆ, ಬೆಳಿಗ್ಗೆ ತಿಂಡಿಯಾದ ಮೇಲೆ ಎಂದು ಬರೆದುಕೊಟ್ಟರು. ಮೆಸ್ಸಿಗೆ ರಜೆ ಇರುವ ಸೋಮವಾರವೇ ಈರಮ್ಮ ತಪಾಸಣೆಗೆ ಹೋಗುತ್ತಿದ್ದರು. ಪ್ರತಿ ಸಲ ಬಿ.ಪಿ. ಏರಿಯೇ ಇರುತ್ತಿತ್ತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಈರಮ್ಮ ತಮ್ಮ ತಾಟಿನಿಂದ ಉಪ್ಪಿನಕಾಯಿಯನ್ನೇ ತೆಗೆದರು. ಆದರೂ ಇಳಿಯಲಿಲ್ಲ. ಕೊನೆಗೆ ಡಾಕ್ಟರು ಗುಳಿಗೆಯ ಶಕ್ತಿ ಹೆಚ್ಚಿಸಿದರು. ಅಲ್ಲಿಂದೀಚೆಗೆ ಈರಮ್ಮನಿಗೆ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ ಮಹಾತಾಯಿ.

ಅವರು ಬಿದ್ದ ಸುದ್ದಿಯನ್ನು ಮಗಳಿಗೆ ಫೋನ್ ಮಾಡಿ ಹೇಳಿದವಳು ನಾನೇ. ಉಮಾಶ್ರೀ ಸಂಭಾಜಿನಗರದಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ವೈಜಾಪುರ, ಯೇವಲಾ ದಾಟಿ ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಳು.

"ಆತಾ ಬಸ್ ಝಾಲಂ, ಸಾಕಾತು ಅವ್ವಾ. ಮೆಸ್ ಬಂದ್. ನನ್ನ ಜೋಡಿ ನಡಿ."

"ಅಲ್ಲಿ ಬಂದು ನಾ ಯಾನ್ ಮಾಡ್ಲಿ?"

"ಆರಾಮ ಇರು. ಟಿ.ವಿ. ನೋಡು."

"ನೀ ಮುಂಜಾನೆ ಡಬ್ಬಿ ಕಟ್ಕೊಂಡು ಹೋಗ್ತಿ. ಅಲ್ಲಿ ನಾ ಯಾರಿಗಿ ಉಣಸ್ಲಿ?" ಈರಮ್ಮನ ದನಿ ಸಣ್ಣದಾಯಿತು. "ಇವರ ಊಟ ಬಂದ್ ಮಾಡಿ ನನಗ ತುತ್ತು ಇಳಿಯಂಗಿಲ್ಲ ಉಮಾ."

"ಹಂಚಿನ ಮ್ಯಾಲ ಬಿದ್ದಿದ್ರ? ಮುಝೆ ನೀಂದ್ ಆಯೇಗೀ ಕ್ಯಾ? ನಿದ್ದಿ ಹತ್ತತದೇನು ನನಗ?" ಎಂದು ಮಗಳು ಅತ್ತುಬಿಟ್ಟಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆ ಅಡುಗೆಮನೆ ಮುಚ್ಚಿದರೆ ಈರಮ್ಮ ಒಳಗೊಳಗೇ ಒಣಗಿಹೋಗುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಮೊದಲು ಡಾಕ್ಟರ ಹತ್ತಿರ ಹೋಗಿ ಬರೋಣ, ಜಗಳ ಆಮೇಲೆ ಆಡೋಣ ಎಂದೆ.

ಡಾಕ್ಟರು ಮಲಗಿಸಿ ಬಿ.ಪಿ. ನೋಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ಹುಬ್ಬು ಗಂಟಿಕ್ಕಿತು.

"ನಿನ್ನೆ ಬಂದಾಗ ಅಷ್ಟು ಏರಿತ್ತು. ಇವತ್ತು ನಿಂತರೆ ಇಷ್ಟು ಇಳಿಯುತ್ತಿದೆ. ಬೆಳಿಗ್ಗೆ ಏನು ತೆಗೆದುಕೊಂಡಿರಿ?" ಅವರು ಕೇಳಿದ್ದು ಮರಾಠಿಯಲ್ಲಿ. ಈರಮ್ಮ ತಮ್ಮ ಬೀದರಿನ ಮರಾಠಿಯಲ್ಲಿ ನಿರಾಳವಾಗಿ ಉತ್ತರ ಕೊಟ್ಟರು. ಇವತ್ತಿನದೂ ತೆಗೆದುಕೊಂಡೆ, ನಿನ್ನೆಯದೂ ತೆಗೆದುಕೊಂಡೆ.

"ನಿನ್ನೆಯದೆಂದರೆ?"

"ನಿನ್ನೆ ಸೋಮವಾರ. ಸೋಮವಾರ ನಾನು ಗುಳಿಗೆ ತೆಗೆದುಕೊಳ್ಳುವುದಿಲ್ಲ. ತಿಂಡಿಯಾದ ಮೇಲೆ ಅಂತ ನೀವೇ ಹೇಳಿದ್ದಿರಿ. ಅಂದು ತಿಂಡಿ ಎಲ್ಲಿಯದು? ಅದಕ್ಕೇ ಮಂಗಳವಾರ ಎರಡೂ ಸೇರಿಸಿ ತಗೊಂಡು ಸರಿ ಮಾಡಿಕೊಳ್ಳುತ್ತೇನೆ."

ಸರಿ ಮಾಡಿಕೊಳ್ಳುವುದಂತೆ! ಮೆಸ್ಸಿನ ರೊಟ್ಟಿಯ ಕಟ್ಟಳೆಯನ್ನು ಬಿ.ಪಿ. ಗುಳಿಗೆಗೂ ಹಚ್ಚಿಬಿಟ್ಟಿದ್ದರು. ನಾನು ಹಣೆ ಚಚ್ಚಿಕೊಂಡೆ. ಡಾಕ್ಟರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದರೆ ನಾನು ಪ್ರತಿ ಸಲ ನೋಡಿದ್ದು ಗುಳಿಗೆ ಬಿಟ್ಟ ದಿನದ ಬಿ.ಪಿ. ಅದನ್ನು ನೋಡಿ ಗುಳಿಗೆ ಹೆಚ್ಚಿಸಿದೆ. ಹೆಚ್ಚಿಸಿದ್ದನ್ನು ನೀವು ಮಂಗಳವಾರ ಎರಡೆರಡು ನುಂಗಿದಿರಿ, ಅದೂ ಹಿಂದಿನ ದಿನ ಸರಿಯಾಗಿ ನೀರೂ ಕುಡಿಯದ ಮೈಗೆ. ದಿನಾ ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದೆನಲ್ಲ?"

"ದಿನದ್ದು ಒಂದೂ ತಪ್ಪಿಸಿಲ್ಲ. ಇವತ್ತಲ್ಲ ನಾಳೆ ಎಲ್ಲ ಹೊಟ್ಟೆಗೆ ಹೋಗಿದೆ," ಎಂದರು ಈರಮ್ಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಗುಳಿಗೆಯ ಕೆಲಸ ಆಯಾ ದಿನದ್ದು. ಬೆಳಿಗ್ಗೆ ಮರೆತು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಹೋದದ್ದು ಹೋಯಿತು, ಅಂದಿನದನ್ನಷ್ಟೇ ತೆಗೆದುಕೊಳ್ಳಬೇಕು. ಎರಡನ್ನು ಎಂದೂ ಸೇರಿಸಬಾರದು. ತಲೆ ತಿರುಗಿತೆಂದು ತಾವಾಗಿಯೇ ಬಿಡಲೂಬಾರದು, ಬಂದು ಹೇಳಬೇಕು. ಈ ಗುಳಿಗೆಗೆ ತಿಂಡಿ ಇರಲೇಬೇಕೆಂದಿಲ್ಲ, ನೀರು ಸಾಕು. ಇಷ್ಟು ಹೇಳಿ ಗುಳಿಗೆಯನ್ನು ಮೊದಲಿನ ಶಕ್ತಿಗೆ ಇಳಿಸಿದರು. ಉಪವಾಸದ ದಿನವೂ ನೀರು ಕುಡಿಯಬೇಕು, ಕೂತಲ್ಲಿಂದ ಮೆಲ್ಲಗೆ ಎದ್ದು ಒಂದು ಗಳಿಗೆ ನಿಂತು ಆಮೇಲೆ ನಡೆಯಬೇಕು, ಮುಂದಿನ ಸೋಮವಾರ ಗುಳಿಗೆ ತೆಗೆದುಕೊಂಡೇ ತೋರಿಸಲು ಬರಬೇಕು ಎಂದರು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡರೆ, ಮನೆಗೆ ಬಂದ ಮೇಲೆ ಈರಮ್ಮ ಹೊಸ ರಾಗ ತೆಗೆದರು.

"ಒಪ್ಪತ್ತಿನ ದಿನ ಔಷಧ ನುಂಗಿದ್ರ ಅದೆಂಥ ಒಪ್ಪತ್ತುರಿ? ಮದುವಿ ಆದಾಗಿಂದ ಬಿಟ್ಟಿಲ್ಲ. ಅವರು ಹೋದ ವಾರನೂ ಬಿಟ್ಟಿಲ್ಲ."

ನಾನು ಬಾಯಿಗೆ ಬಂದದ್ದನ್ನು ಅನ್ನಬೇಕೆಂದಿದ್ದೆ. ಉಮಾಶ್ರೀ ಕಣ್ಣಲ್ಲೇ ತಡೆದಳು. "ಅವ್ವಾ, ಸೋಮವಾರ ತಂಕಾ ಇರ್ತೀನಿ. ಡಾಕ್ಟರ್ ಬರೋಬರ್ ಅದ ಅಂದ್ರ ಮೆಸ್ ಇರ್ಲಿ. ಇಲ್ಲಂದ್ರ ಮಂಗಳಾರ ಬಸ್ಸಿಗಿ ಇಬ್ರೂ ಹೋಗಾದು."

ಆ ವಾರವಿಡೀ ಅಡುಗೆಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಹೆಚ್ಚು. ಮಗಳು ದಿನಾ ಬೆಳಿಗ್ಗೆ ಎದುರಿಗೆ ನಿಂತು ಒಂದು ಗುಳಿಗೆ ಕೊಟ್ಟಳು, ಅವರು ನುಂಗಿದರು. ಕಣ್ಣು ಕತ್ತಲೆ ಬರಲಿಲ್ಲ. ಆದರೆ ನಮ್ಮ ಚಿಂತೆಯೆಲ್ಲ ಸೋಮವಾರದ್ದು.

ಅಂದು ಬೆಳಿಗ್ಗೆ ನಾನು ಹೋದಾಗ ಅವರು ಪೂಜೆಗೆ ಕೂತಿದ್ದರು. ವಿಭೂತಿ ಹಚ್ಚಿದ ಹಣೆ, ಎಡ ಅಂಗೈಯಲ್ಲಿ ಲಿಂಗ. ಉಮಾಶ್ರೀ ಗುಳಿಗೆಯನ್ನು ಒಂದು ಸಣ್ಣ ಬಟ್ಟಲಲ್ಲಿಟ್ಟು ಪಕ್ಕಕ್ಕೆ ಸರಿಸಿದ್ದಳು. ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ಪೂಜೆ ಮುಗಿಯಿತು, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡರು. ಪಾದೋದಕದ ಬಟ್ಟಲು ಎತ್ತಿಕೊಂಡು ಪಕ್ಕದ ಗುಳಿಗೆಯ ಕಡೆ ನೋಡಿದರು. ಆಮೇಲೆ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ಪಾದೋದಕದ ಜೊತೆ ನುಂಗಿಬಿಟ್ಟರು.

"ಅವನ ನೀರಿನ ಜೋಡಿ ಹೋಗ್ಯದ. ಅವನೇ ನೋಡ್ಕೊಳ್ಲಿ," ಎಂದರು ನಮ್ಮ ಕಡೆ ನೋಡದೆ. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಸಂಜೆ ಡಾಕ್ಟರು ಬಿ.ಪಿ. ನೋಡಿ, ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ "ಸರಿಯಾಗಿದೆ" ಎಂದರು. ಉಮಾಶ್ರೀ ಇನ್ನೊಮ್ಮೆ ನೋಡಿ ಎಂದಳು. ನಿಲ್ಲಿಸಿ ನೋಡಿದರು, ಆಗಲೂ ಸರಿಯಾಗಿತ್ತು. ಮಂಗಳವಾರ ಬೆಳಿಗ್ಗೆ ಅವಳು ಒಬ್ಬಳೇ ಬಸ್ಸು ಹತ್ತಿದಳು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು.

ಕೆಲವು ವಾರಗಳ ನಂತರ ನಾನು ಇಗತಪುರಿಗೆ ಒಂದು ಮದುವೆಗೆ ಹೋಗಿದ್ದೆ. ಆ ದಿನವೇ ಮೆಸ್ಸಿನಲ್ಲಿ ಹೋಳಿಗೆ ಮಾಡಿದ್ದಾರೆಂದು ಗಂಡನಿಂದ ತಿಳಿಯಿತು. ಮರುದಿನ ಬೇಗನೇ ಹೋಗಿ ಕೂತು, ನನ್ನ ಪಾಲಿನ ಹೋಳಿಗೆ ಎಲ್ಲಿ ಎಂದು ಕೇಳಿದೆ.

"ನಿನ್ನಿದು ನಿನ್ನಿಗೇ ಹೋತ್ರಿ ಅನಸೂಯಮ್ಮಾ. ಆ ಪದ್ಧತಿ ಬಿಟ್ಟೀನಿ." ಈರಮ್ಮ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದರು. "ಇವತ್ತಿಂದು ಉಣ್ರಿ."

ನಾನು ಹೋಳಿಗೆ ಸಿಗದ ಸಿಟ್ಟಿನಲ್ಲೇ ರೊಟ್ಟಿಗೆ ಪುಂಡಿಸೊಪ್ಪಿನ ಪಲ್ಲೆ ಹಚ್ಚಿಕೊಂಡು ಉಂಡೆ. ಅವರು ಮಣೆಯಿಂದ ಮೆಲ್ಲಗೆ ಎದ್ದು, ಗೋಡೆ ಹಿಡಿದು ಒಂದು ಗಳಿಗೆ ನಿಂತು, ಇನ್ನೊಂದು ರೊಟ್ಟಿ ತಂದು ಹಾಕಿದರು.