ಅತ್ತೆಯ ಅರಿಷ್ಟ

ನನ್ನ ಅತ್ತೆ ಜೀವಮಾನದಲ್ಲಿ ಕುಡಿತವನ್ನು ಬೈದಷ್ಟು ಬೇರೆ ಯಾವುದನ್ನೂ ಬೈದವರಲ್ಲ, ಸೊಸೆಯನ್ನು ಬಿಟ್ಟರೆ. ಮಲಯಾಳ ನಾಡಿನ ಗಡಿಯಂಚಿನ ನೂಲ್ಪುಳದ ನಮ್ಮ ಕಡೆ ಕಳ್ಳಬಟ್ಟಿ ಕಾಯಿಸುವವರ ಮಡಕೆಗಳನ್ನು ಹಾಡಹಗಲೇ ಒಡೆದು ಹಾಕಿದವರು ಅವರು. ಹೆಂಗಸರ ಸಂಘದಲ್ಲಿ ಅವರ ಮಾತಿಗೆ ಎದುರಿಲ್ಲ. ಯಾರ ಗಂಡನಾದರೂ ಸಂಜೆ ಗದ್ದೆಯ ಬದುವಿನ ಮೇಲೆ ತೂರಾಡಿಕೊಂಡು ಬಂದನೆಂದರೆ, ಮರುದಿನ ಅವನು ಕಣ್ಣುಜ್ಜುವ ಹೊತ್ತಿಗೆ ಅಂಗಳದಲ್ಲಿ ಅತ್ತೆ ನಿಂತಿರುತ್ತಿದ್ದರು. ಆನೆಯನ್ನಾದರೆ ಪಟಾಕಿ ಹೊಡೆದು ಓಡಿಸಬಹುದು, ಈಯಮ್ಮನಿಗೆ ಏನು ಮಾಡುವುದು ಎಂದು ಗಂಡಸರು ಗೊಣಗುತ್ತಿದ್ದರು. ಇಂಥವರಿಗೆ ಲಿವರ್ ಕಾಯಿಲೆ ಬಂತು. ನಮ್ಮೂರಲ್ಲಿ ಲಿವರ್ ಕಾಯಿಲೆಗೆ ಒಂದೇ ಕಾರಣ, ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕುಡಿಯುವವರು ನಮ್ಮ ಮನೆಯಲ್ಲೂ ಇದ್ದರು. ಅವರು ನನ್ನ ಮಾವ. ಸಂಜೆಯಾದರೆ ಒಂದಿಷ್ಟು ಬೇಕು. ಕುಡಿದರೆ ಕೂಗಾಡುವವರಲ್ಲ, ಹಸುಗಳ ಜೊತೆ ಮಾತಾಡುವವರು. ಆದರೂ ಅತ್ತೆ ಅವರನ್ನು ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಅಡಿಗೆಮನೆಗೆ ತಾಗಿದ ಕೊಟ್ಟಿಗೆಯಲ್ಲಿ, ಬೋರಲು ಹಾಕಿದ ಕುಕ್ಕೆಯ ಮೇಲೆ ಕೂತು ಅವರು ತಮ್ಮ ಪಾಲನ್ನು ಮುಗಿಸಬೇಕು. ಆಮೇಲೆ ಊಟದ ತಟ್ಟೆ ಕೊಟ್ಟಿಗೆಯ ಬಾಗಿಲಿಗೇ ಬರುತ್ತಿತ್ತು. "ದನಗಳ ಜೊತೆ ದನ" ಎಂದು ಅತ್ತೆ ತಟ್ಟೆ ಕುಕ್ಕುತ್ತಿದ್ದರು. ಈ ಕುಡುಕ ಮಾವ ಕೆಲವು ವರ್ಷಗಳ ಹಿಂದೆ ಬೀಡಿಯಿಂದ ಎದೆ ಕೆಟ್ಟು ತೀರಿಹೋದರು. ಲಿವರ್ ಮಾತ್ರ ಕೊನೆಯವರೆಗೂ ಚೊಕ್ಕವಾಗಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು ಅದನ್ನು ಮೆಚ್ಚಿ ಮಾತಾಡಿದಾಗ ಅತ್ತೆಗೆ ಅವಮಾನವಾಯಿತು. ಇಷ್ಟು ವರ್ಷ ಮಾಡಿದ ಉಪದೇಶಕ್ಕೆ ಸಾಕ್ಷಿಯೇ ತಿರುಗಿಬಿದ್ದಂತಾಗಿತ್ತು.

ಈಗ ಅತ್ತೆಯ ಕಾಯಿಲೆ ಸಿಕ್ಕಿಬಿದ್ದ ಕತೆ. ಅವರಿಗೆ ಹೊಟ್ಟೆಯಲ್ಲಿ ವಾಯು. ಅದು ಹೊಸತೇನಲ್ಲ, ನಾನು ಮದುವೆಯಾಗಿ ಬಂದಾಗಿನಿಂದ ಆ ವಾಯುವೂ ನಮ್ಮ ಮನೆಯ ಒಬ್ಬ ಸದಸ್ಯ. ಒಂದು ದಿನ ಹೊಟ್ಟೆ ಹೆಚ್ಚು ಹಿಂಡಿತೆಂದು ಅವರೊಬ್ಬರೇ ಹತ್ತಿರದ ಸಣ್ಣ ಆಸ್ಪತ್ರೆಗೆ ಹೋಗಿ, ಅಲ್ಲಿಗೆ ಹೊಸದಾಗಿ ಬಂದಿದ್ದ ನರ್ಸಿನ ಎದುರು, "ಕರುಳು ಹಿಂಡ್ದಂಗಾಯ್ತದೆ" ಅಂದರು. ಅತ್ತೆಗೆ ಮಲಯಾಳ ಬರುವುದಿಲ್ಲವೆಂದಲ್ಲ. ಸಂತೆಯಲ್ಲಿ ಮೀನಿನವನನ್ನು ಅಳಿಸುವಷ್ಟು ಬರುತ್ತದೆ. ಆದರೆ ನೋವು ಬಂದಾಗ ಮನೆಮಾತೇ ಬಾಯಿಗೆ ಬರುವುದು. ನಮಗೆ ಕರುಳೆಂದರೆ ಕರುಳು. ಮಲಯಾಳದವರಿಗೆ ಕರಳ್ ಎಂದರೆ ಲಿವರ್. ಪ್ರೀತಿ ಉಕ್ಕಿದರೆ ಅವರು ಹೆಂಡತಿಯನ್ನು ಕರಳೇ ಎಂದು ಕರೆಯುತ್ತಾರೆ, ನಾವು ಮಕ್ಕಳನ್ನು ಕರುಳಿನ ಕುಡಿ ಅನ್ನುತ್ತೇವೆ. ಒಟ್ಟಿನಲ್ಲಿ ಎರಡೂ ಕಡೆ ಪ್ರೀತಿಯ ಮಾತು ಮಾಂಸದಂಗಡಿಯಿಂದಲೇ ಬಂದದ್ದು. ನರ್ಸು ಕರಳ್ ನೋವೆಂದು ಬರೆದಳು, ಡಾಕ್ಟರು ಲಿವರಿನ ಸ್ಕ್ಯಾನಿಗೆ ಬರೆದರು. ಸ್ಕ್ಯಾನಿನಲ್ಲಿ ಕರುಳಿಗೆ ಏನೂ ಆಗಿರಲಿಲ್ಲ. ತಪ್ಪಿ ನೋಡಿದ ಲಿವರ್ ಮಾತ್ರ ಊದಿಕೊಂಡು ಒರಟಾಗಿತ್ತು.

ಹೀಗೆ ನಾವು ಪೇಟೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಗೆ ಚುರದ ಕೆಳಗಿನಿಂದ, ಅಂದರೆ ಘಾಟಿ ಹತ್ತಿ, ವಾರಕ್ಕೊಮ್ಮೆ ಒಬ್ಬ ಲಿವರ್ ಡಾಕ್ಟರು ಬರುತ್ತಿದ್ದರು. ಚಿಕ್ಕ ವಯಸ್ಸು, ಮುಖಕ್ಕೆ ಮಾಸ್ಕು, ಓಡುವ ಮಲಯಾಳ. ಜೇನು ಕೀಳುವವರು ಮರ ನೋಡುತ್ತ ನಡೆಯುವ ಹಾಗೆ ಅವರು ರೋಗಿಗಳ ನಡುವೆ ಡಾಕ್ಟರುಗಳ ಪತ್ರಿಕೆಗೆ ಬರೆಯಲು ತಕ್ಕ ಕೇಸು ಹುಡುಕುತ್ತಿದ್ದರು. ನಾನು ಪನಮರಂ ಪೇಟೆಯಲ್ಲಿ ಹುಟ್ಟಿ, ಮಲಯಾಳದಲ್ಲಿ ಓದಿ, ಕನ್ನಡದಲ್ಲಿ ಜಗಳವಾಡಿ ಬೆಳೆದವಳು. ಆದ್ದರಿಂದ ದುಭಾಷಿಯ ಕೆಲಸ ನನ್ನ ತಲೆಗೇ ಕಟ್ಟಿದ್ದರು. ಆದರೆ ನಾನು ರಕ್ತಪರೀಕ್ಷೆಯ ರಿಪೋರ್ಟ್ ತರಲು ಹೊರಗೆ ಹೋದ ಹೊತ್ತಲ್ಲೇ ಡಾಕ್ಟರು ಮುಖ್ಯವಾದ ಪ್ರಶ್ನೆ ಕೇಳಿಬಿಟ್ಟರು.

"ಅಮ್ಮೇ, ಮದ್ಯಂ ಕಳಿಕ್ಕಾರುಂಡೋ?"

ಮದ್ಯ ತಗೊಳ್ಳುವ ಅಭ್ಯಾಸವಿದೆಯೇ ಎಂದು. ಅತ್ತೆ ಜೀವಮಾನವಿಡೀ ಸಾರಾಯಿಯನ್ನು ಸಾರಾಯಿ, ಕಳ್ಳನ್ನು ಕಳ್ಳು ಎಂದೇ ಬೈದವರು, ಅದಕ್ಕೆ ಮದ್ಯವೆಂಬ ಮರ್ಯಾದೆ ಕೊಟ್ಟವರಲ್ಲ. ಮಾಸ್ಕಿನ ಒಳಗಿಂದ ಬಂದ ಆ ಮಾತು ಅವರ ಕಿವಿಗೆ ಬಿದ್ದದ್ದು ಮದ್ದು ಎಂದು. ಡಾಕ್ಟರಾದವರು ಮದ್ದಿನ ವಿಷಯವನ್ನಲ್ಲದೆ ಮತ್ತೇನು ಕೇಳುತ್ತಾರೆ?

"ಉಂಡ್" ಎಂದರು ಅತ್ತೆ, ಇದೆ ಎಂದು. ದಿನಕ್ಕೆರಡು ಹೊತ್ತು, ಊಟವಾದ ಮೇಲೆ. ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಮಗ ಹುಟ್ಟಿದಾಗಿನಿಂದ ಎಂದರು. ಎಷ್ಟು ಎಂದು ಕೇಳಿದರು. ಅಳತೆಯ ಗ್ಲಾಸಿನಲ್ಲೇ ಕುಡಿಯುವುದು, ನೆಂಟರು ಬಂದ ದಿನ ಸ್ವಲ್ಪ ಜಾಸ್ತಿ ಎಂದರು.

ಬಾಗಿಲ ಪಕ್ಕದ ಬೆಂಚಿನ ಮೇಲೆ ನಮ್ಮ ಕೆಳಮನೆಯ ಹೆಂಗಸು ಕೂತಿದ್ದಳು. ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳಲು ನಮ್ಮ ಜೊತೆಗೇ ಬಂದವಳು. ಇದನ್ನೆಲ್ಲ ಕೇಳಿ ಅವಳ ಸಕ್ಕರೆ ಏರಿತೋ ಇಳಿಯಿತೋ ತಿಳಿಯದು, ಏಕೆಂದರೆ ಅವಳು ಚೀಟಿ ತೋರಿಸದೆಯೇ ಮೊದಲು ಸಿಕ್ಕ ಬಸ್ಸು ಹತ್ತಿದಳು. ನಾನು ರಿಪೋರ್ಟ್ ಹಿಡಿದು ಒಳಗೆ ಬಂದರೆ ಡಾಕ್ಟರು ಬಹಳ ಮೃದುವಾಗಿ, "ಇವರು ಒಬ್ಬರೇ ಕೂತು ಕುಡಿಯುತ್ತಾರಾ, ಜೊತೆಗೆ ಯಾರಾದರೂ ಇರುತ್ತಾರಾ?" ಎಂದು ಕೇಳಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಇಷ್ಟು ವರ್ಷ ಕಾದದ್ದಕ್ಕೆ ದೇವರು ಒಂದು ದಿನ ಕೊಟ್ಟ ಅನ್ನಿಸಿತು.

ವಿಷಯ ತಿಳಿದ ಅತ್ತೆ ಮೇಜು ಗುದ್ದಿದರು. "ಮದ್ದು ಅಂದ್ರೆ ಇದು ಕಣಪ್ಪ" ಎಂದು ಚೀಲದಿಂದ ಬಾಟಲಿ ತೆಗೆದು ಡಾಕ್ಟರ ಮುಂದಿಟ್ಟರು. ಮಧ್ಯಾಹ್ನದ ಊಟವಾದ ಮೇಲೆ ಬೇಕಲ್ಲವೇ, ಜೊತೆಗೇ ತಂದಿದ್ದರು. ಅರಿಷ್ಟ. ಆಯುರ್ವೇದದಂಗಡಿಯ ಟಾನಿಕ್ಕು, ಬಾಣಂತನದಲ್ಲಿ ಶುರುವಾದದ್ದು, ಹೊಟ್ಟೆಗೆ ಒಳ್ಳೆಯದೆಂದು ಮುಂದುವರಿದು ಅಭ್ಯಾಸವಾಗಿತ್ತು. ನನ್ನ ಬಾಣಂತನದಲ್ಲೂ ಕೊಟ್ಟಿದ್ದರು. ಕಂದು ಬಣ್ಣ, ಸಿಹಿ, ಗಂಟಲಲ್ಲಿ ಸಣ್ಣ ಉರಿ, ಆಮೇಲೆ ಯಾರ ಮೇಲೂ ಸಿಟ್ಟಿಲ್ಲದ ಒಂದು ನೆಮ್ಮದಿ. ಅತ್ತೆಯೂ ಒಳ್ಳೆಯವರೆಂದು ನನಗೆ ತೋರಿದ್ದು ಆ ದಿನಗಳಲ್ಲಿ ಮಾತ್ರ. ಕಾರಣ ಡಾಕ್ಟರ ಬೆರಳ ತುದಿಯಲ್ಲಿತ್ತು. ಬಾಟಲಿಯ ಚೀಟಿಯ ಮೇಲೆ ಇರುವೆಯಂಥ ಅಕ್ಷರಗಳಲ್ಲಿ, ಇದರಲ್ಲಿ ತಾನಾಗಿ ಉಂಟಾದ ಆಲ್ಕೋಹಾಲ್ ಇದೆ ಎಂದು ಅಚ್ಚಾಗಿತ್ತು.

"ತಾನಾಗೇ ಉಂಟಾದ್ದು ಅಂದ್ರೆ ನಾವ್ ಹಾಕಿದ್ದಲ್ವಲ್ಲ" ಎಂದರು ಅತ್ತೆ.

ಹೊಟ್ಟೆಗೆ ಹೋದ ಮೇಲೆ ಯಾರು ಹಾಕಿದ್ದೆಂದು ಲಿವರ್ ಕೇಳುವುದಿಲ್ಲ ಎಂದರು ಡಾಕ್ಟರು. ಅರಿಷ್ಟ ಎಂದರೆ ಕನ್ನಡದಲ್ಲಿ ಕೇಡು ಎಂಬ ಅರ್ಥವೂ ಇದೆ. ಹೆಸರಿಟ್ಟವರು ಮೊದಲೇ ಎಚ್ಚರಿಸಿದ್ದರು, ನಾವೇ ಸಿಹಿಗೆ ಮರುಳಾದದ್ದು.

ಆಮೇಲೆ ಅತ್ತೆಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಪಕ್ಕೆಗೆ ಸೂಜಿ ಹಾಕಿ ಲಿವರಿನ ಚೂರೊಂದನ್ನು ತೆಗೆಯಬೇಕೆಂದರು. "ನೋಡಾದ್ಮೇಲೆ ವಾಪಸ್ ಇಡ್ತಾರಾ ಕೇಳು" ಎಂದರು ಅತ್ತೆ. ನಾನು ಕೇಳಿದೆ. ಇಡುವುದಿಲ್ಲವಂತೆ. ಮುಂದಿನ ವಾರ ಡಾಕ್ಟರು ಮತ್ತೆ ಬಂದಾಗ ಚೂರು ಏನು ಹೇಳಿತೆಂದರೆ, ಲಿವರ್ ಅರ್ಧ ದಾರಿ ಹೋಗಿದೆ, ಪೂರ್ತಿ ಕಲ್ಲಾಗಿಲ್ಲ, ಇವತ್ತಿನಿಂದ ಬಾಟಲಿ ಬಿಟ್ಟರೆ ಹಿಂದೆ ಬರಬಹುದು, ಬಿಡದಿದ್ದರೆ ಇಲ್ಲ. ಬಾಟಲಿಯೇ ಕಾರಣ ಎಂದು ಖಂಡಿತ ಹೇಳಬಹುದೇ ಎಂದು ನಾನು ಕೇಳಿದೆ. ಡಾಕ್ಟರು ಪ್ರಾಮಾಣಿಕ ಮನುಷ್ಯ. ಆಗುವುದಿಲ್ಲ ಎಂದರು. ತೂಕವಿದೆ, ಸಕ್ಕರೆಯ ಅಂಶವಿದೆ, ಅದರ ಜೊತೆ ಇಷ್ಟು ವರ್ಷದ ಇದೂ ಇದೆ. ಒಬ್ಬರ ಕೇಸಿನಿಂದ ಯಾವುದೂ ಸಾಬೀತಾಗುವುದಿಲ್ಲ, ಆದರೆ ಒಬ್ಬರದ್ದನ್ನು ಸರಿಯಾಗಿ ಬರೆದಿಟ್ಟರೆ ಇನ್ನೊಬ್ಬ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಹೊಳೆಯುತ್ತದೆ ಎಂದರು. ಅದಕ್ಕೇ ಅತ್ತೆಯ ಕೇಸನ್ನು ಬರೆಯುತ್ತೇನೆ, ಒಪ್ಪಿಗೆ ಬೇಕು, ಹೆಸರು ಎಲ್ಲೂ ಬರುವುದಿಲ್ಲ ಎಂದರು.

"ಹೆಸ್ರು ಬರಲ್ವಾ?" ಅತ್ತೆಗೆ ನಿರಾಸೆಯಾಯಿತು. "ಮತ್ಯಾಕೆ ಬರೀಬೇಕು?"

ಹೆಸರಿನ ಆಸೆ ಬಿಟ್ಟು ಅವರು ಬೇರೊಂದು ಷರತ್ತು ಹಾಕಿದರು. ನಾನು ಸಾರಾಯಿ ಮುಟ್ಟಿದವಳಲ್ಲ ಎಂದು ಬರೆದು, ಸೀಲು ಒತ್ತಿ, ಒಂದು ಚೀಟಿ ಕೊಡಬೇಕು. ಅದು ಸುಳ್ಳಲ್ಲವಾದ್ದರಿಂದ ಡಾಕ್ಟರು ಕೊಟ್ಟರು. ಚೀಟಿ ಅವಶ್ಯವೇ ಆಗಿತ್ತು. ಕೆಳಮನೆಯವಳು ತನ್ನ ಕೆಲಸವನ್ನು ನೀಟಾಗಿ ಮಾಡಿ ಮುಗಿಸಿದ್ದಳು. ನಾವು ಬಸ್ಸಿಳಿದಾಗ ಟೀ ಅಂಗಡಿಯ ಗಂಡಸರೆಲ್ಲ ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ಅವರು ಅತ್ತೆಗೆ ಅಷ್ಟು ಗೌರವ ಕೊಟ್ಟದ್ದು. ಅಡ್ಡಹೆಸರೂ ತಯಾರಾಗಿತ್ತು, ಇಲ್ಲಿ ಬರೆಯುವಂಥದ್ದಲ್ಲ. ಅತ್ತೆ ತಲೆ ಎತ್ತಿಕೊಂಡೇ ನಡೆದರು. ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಲಿವರ್ ಹೋದರೂ ಬದುಕಿಯಾರು, ಮರ್ಯಾದೆ ಹೋದರೆ ಈ ಜೀವ ನಿಲ್ಲುವುದಿಲ್ಲ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಸಂಘ ಸೇರಿತು. ಯಾರೂ ತಪ್ಪಿಸಿಕೊಂಡಿರಲಿಲ್ಲ. ಎಂದೂ ಬಾರದವರೂ ಬಂದಿದ್ದರು. ಅತ್ತೆ ಸೆರಗಿನ ಗಂಟಿನಿಂದ ಚೀಟಿ ತೆಗೆದು ನನ್ನ ಕೈಗಿತ್ತು ಓದಿಸಿದರು. ನಾನು ಗಟ್ಟಿಯಾಗಿ ಓದಿದೆ. ಹೆಂಗಸರು ಕೆಳಮನೆಯವಳ ಕಡೆ ತಿರುಗಿದರು. ಅವಳು ನೆಲ ನೋಡತೊಡಗಿದಳು. ಅಲ್ಲಿಗೆ ಅತ್ತೆ ಗೆದ್ದಿದ್ದರು, ನಾವು ಎದ್ದು ಮನೆಗೆ ಹೋಗಬಹುದಿತ್ತು.

ಆಗ ಕಾಡಂಚಿನ ಕಾಲನಿಯಿಂದ ಬಂದಿದ್ದ ಹೆಂಗಸೊಬ್ಬಳು ಕೇಳಿದಳು: "ಹಂಗಾರೆ ಅಕ್ಕಾ, ಆ ಅರಿಷ್ಟ ನಾವ್ ಕುಡೀಬೋದಲ್ಲಾ? ನೀನೇ ಹೇಳಿದ್ದಲ್ಲಾ ವಯರಿಗೆ ಒಳ್ಳೇದು ಅಂತ."

ವಯರು ಎಂದರೆ ಹೊಟ್ಟೆ. ಅಲ್ಲಿದ್ದ ಅರ್ಧಕ್ಕರ್ಧ ಮಂದಿಯ ಹೊಟ್ಟೆಗೆ ಅರಿಷ್ಟ ಹತ್ತಿಸಿದ್ದು ಅತ್ತೆಯೇ. ಗ್ಯಾಸು ಎಂದವರಿಗೆ, ನಿದ್ದೆ ಬಾರದವರಿಗೆ, ಗಂಡನ ಕಾಟಕ್ಕೆ ಅಳುವವರಿಗೆ, ಎಲ್ಲರಿಗೂ ಅದೇ ಬಾಟಲಿ. ಇವರು ಕುಡಿದವರಲ್ಲ ಎಂದಾದರೆ ಬಾಟಲಿಯೂ ನಿರಪರಾಧಿ. ಬಾಟಲಿಯನ್ನು ಬೈದರೆ ಕೈಯಲ್ಲಿದ್ದ ಚೀಟಿಗೆ ಬೆಲೆಯಿಲ್ಲ. ಅತ್ತೆ ನನ್ನ ಮುಖ ನೋಡಿದರು. ನಾನು ಏನಾದರೂ ಹೇಳಿದ್ದರೆ ಸೊಸೆಯ ಮಾತೆಂದು ಅದಕ್ಕೆ ವಿರುದ್ಧವಾದದ್ದನ್ನೇ ಮಾಡುತ್ತಿದ್ದರು.

ಅತ್ತೆ ಎದ್ದು ನಿಂತರು. "ಕುಡೀಬೇಡ" ಎಂದರು. "ಅದ್ರಲ್ಲೂ ಅದೇ ಐತೆ. ನಂಗೊತ್ತಿರ್ಲಿಲ್ಲ, ಆದ್ರೆ ಐತೆ. ನಾನೂ ಇಷ್ಟು ವರ್ಸ ಕುಡಿದೋಳೇ. ದಿನಾ ಎರಡು ಹೊತ್ತು. ಯಾರ್ ಮನೇಲಿ ಬಾಟ್ಲಿ ಐತೋ ಬಿಟ್ಬಿಡಿ, ಬಿಟ್ಟು ರಕ್ತ ನೋಡಿಸ್ಕಳಿ."

ಯಾರೂ ನಗಲಿಲ್ಲ. ಕೆಳಮನೆಯವಳೂ ನಗಲಿಲ್ಲ. ಅವಳ ಮನೆಯಲ್ಲೂ ಎರಡು ಬಾಟಲಿ ಇದ್ದವು. ನನಗೆ ಅತ್ತೆಯ ಮೇಲೆ ಹೆಮ್ಮೆಯಾಯಿತು. ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಮುಂದಿನ ತಿಂಗಳುಗಳಲ್ಲಿ ರಕ್ತದ ರಿಪೋರ್ಟು ಮೆಲ್ಲಗೆ ಸುಧಾರಿಸಿತು. ಬಾಟಲಿಯಿಲ್ಲದ ಅತ್ತೆಯ ಸಿಟ್ಟು ಮಾತ್ರ ಜಾಸ್ತಿಯಾಯಿತು, ಇಷ್ಟು ವರ್ಷ ನಾನು ನೋಡಿದ್ದು ನೀರು ಬೆರೆಸಿದ ಸಿಟ್ಟು ಎಂದು ಆಗ ತಿಳಿಯಿತು. ಡಾಕ್ಟರು ಕೇಸು ಬರೆದು ಮುಗಿಸಿದ್ದರು. ಅದನ್ನು ಮಲಯಾಳದಲ್ಲಿ ನಮಗೆ ಓದಿ ಹೇಳಿದರು: ಬೆಟ್ಟದ ಊರಿನ ಒಬ್ಬ ವಿಧವೆ, ಸಾರಾಯಿ ಕುಡಿಯುವವರಲ್ಲ, ಪ್ರತಿದಿನ ಅರಿಷ್ಟ, ಹೀಗೆ ಹೀಗೆ. ನಾನು ಕನ್ನಡಕ್ಕೆ ತಿರುಗಿಸಿದೆ. ಇನ್ನೇನಾದರೂ ಸೇರಿಸುವುದಿದೆಯೇ ಎಂದು ಡಾಕ್ಟರು ಮರ್ಯಾದೆಗೆ ಕೇಳಿದರು.

ಅತ್ತೆ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. "ಐತೆ ಅನ್ನು" ಎಂದರು.

"ಸಂಜೆ ಅವ್ರು ಕೊಟ್ಟಿಗೇಲಿ ಕೂತು ಕುಡೀತಿದ್ರು. ನಾನು ಉಂಡು ಅಡಿಗೆಮನೇಲಿ ನಿಂತು ಕುಡೀತಿದ್ದೆ. ನಡುವೆ ಒಂದೇ ಗೋಡೆ. ಕೆಮ್ಮಿದ್ರೆ ಕೇಳ್ತಿತ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಬ್ರೂ ಕುಡಿಯೋರೇ ಅಂತ ಗೊತ್ತಿದ್ರೆ, ಜಗಲೀಲಿ ಒಟ್ಗೇ ಕೂತ್ಕಬೋದಿತ್ತಲ್ಲ. ಅದ್ನೂ ಬರ್ಕಳಕ್ ಹೇಳು."

ನಾನು ಮಲಯಾಳದಲ್ಲಿ ಹೇಳತೊಡಗಿದೆ. ಕೊಟ್ಟಿಗೆ ಹೇಳಿದೆ, ಅಡಿಗೆಮನೆ ಹೇಳಿದೆ, ಗೋಡೆಯವರೆಗೆ ಬಂದೆ. ಆಮೇಲೆ ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದೆ, ಈ ಸಲ ನಗುವುದಕ್ಕಲ್ಲ. ಡಾಕ್ಟರು ಪೆನ್ನು ಹಿಡಿದು ಉಳಿದದ್ದಕ್ಕೆ ಕಾಯುತ್ತಿದ್ದರು.