ಉಪಾಧ್ಯರ ಬಾಣಗಳು

ಉಪಾಧ್ಯರ ಕೈಯಲ್ಲಿ ಕರ್ಚೀಫು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಲಿಫ್ಟಿಗೆ ಕಾಯುವಾಗಲೂ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚುತ್ತಿದ್ದರು. "ಸೂರ್ಯನ ಕಲೆಗಳಲ್ಲೂ ಇದೇ ಕಥೆ ಮಾರಾಯ್ರೆ. ಅಯಸ್ಕಾಂತದ ಎಳೆಗಳು ಹೀಗೇ ಹುರಿಗೊಳ್ತವೆ. ಜಾಸ್ತಿ ಆಯ್ತೋ, ಒಂದು ದಿನ ಸಿಡೀತವೆ."

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಕೆಳಗಿನ ಫ್ಲ್ಯಾಟು, ನನ್ನದು ಮೇಲಿನದು. ಅವರು ರಿಟೈರ್ಡ್ ಸೈಂಟಿಸ್ಟ್. ನಾನು ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಮ್ಯಾಥ್ಸ್ ಕಲಿಸಿ ಮುದುಕಿಯಾದವಳು. ಒಂದು ದಿನ ಆ ಕಲೆಗಳ ಪ್ರಿಂಟ್‌ಔಟ್ ತಂದು ನನ್ನ ಡೈನಿಂಗ್ ಟೇಬಲ್ ತುಂಬ ಹರಡಿದರು. ಬರೀ ಪುಟ್ಟ ಪುಟ್ಟ ಗೀಟುಗಳು. ಸೂರ್ಯನನ್ನು ನೋಡುವ ಯಂತ್ರಕ್ಕೆ ಆ ಎಳೆಗಳ ಗೀಟು ಕಾಣುತ್ತದಂತೆ, ಬಾಣದ ತಲೆ ಯಾವ ಕಡೆ ಅನ್ನೋದು ಕಾಣುವುದಿಲ್ಲವಂತೆ. ಅಕ್ಕಪಕ್ಕದ ಗೀಟು ನೋಡಿ ತಲೆ ನಾವೇ ಇಡಬೇಕು. ತಪ್ಪಿದರೆ ಎಡಕ್ಕಿರುವ ಹುರಿ ಬಲಕ್ಕೆ ಅಂತ ಲೆಕ್ಕ ಬರುತ್ತದೆ.

"ಗೊತ್ತಾಗದಿದ್ರೆ ಕ್ವೆಶ್ಚನ್ ಮಾರ್ಕ್ ಹಾಕಿ ಟೀಚರ್. ಗೊತ್ತಿಲ್ಲ ಅನ್ನೋದೂ ಸೈನ್ಸೇ."

ಆ ಮಾತಿಗೇ ನಾನು ಸೋತದ್ದು. ಇಡೀ ವರ್ಷ ಮಧ್ಯಾಹ್ನದ ನಿದ್ದೆ ಬಿಟ್ಟು ಕೂತೆ. ಒಂದು ದೊಡ್ಡ ಕಲೆಯ ನಡುಭಾಗ ಮಾತ್ರ ಎಷ್ಟು ನೋಡಿದರೂ ತಿಳಿಯಲಿಲ್ಲ. ಪೆನ್ಸಿಲ್ ಒತ್ತಿ ಬರೆಯುವುದು ನನ್ನ ಹಳೇ ಅಭ್ಯಾಸ. ಅಲ್ಲೆಲ್ಲ ಒತ್ತಿ ಕ್ವೆಶ್ಚನ್ ಮಾರ್ಕ್ ಹಾಕಿ ಕೊಟ್ಟೆ.

ಘಾಟ್ಕೋಪರ್‌ನ ಒಂದು ಕಾಲೇಜಿನಲ್ಲಿ ಅವರ ಲೆಕ್ಚರ್ ಇತ್ತು. ರೇಷ್ಮೆ ಸೀರೆ ಉಟ್ಟು ಹೋದೆ. ಸ್ಕ್ರೀನ್ ಮೇಲೆ ಅದೇ ಕಲೆ ಬಂತು, ನಡುಭಾಗದ ತುಂಬ ಬಾಣಗಳು. ಒಬ್ಬ ಹುಡುಗಿ ಎದ್ದು, ಈ ಬಾಣಗಳನ್ನು ತಿರುಗಿಸಿದರೆ ನಿಮ್ಮ ರಿಸಲ್ಟೇ ಉಲ್ಟಾ ಆಗುತ್ತಲ್ಲ ಸರ್, ಹೇಗೆ ಡಿಸೈಡ್ ಮಾಡಿದಿರಿ ಎಂದು ಕೇಳಿದಳು. ಉಪಾಧ್ಯರು ಕರ್ಚೀಫು ತಿರುಚಿದರು. ಅದು ನಮ್ಮ ಬಿಲ್ಡಿಂಗಿನ ಟೀಚರೊಬ್ಬರು ಮಾಡಿದ್ದು, ಪಾಪ, ಕಣ್ಣಿಗೆ ಪೊರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ಕೊನೇ ಸಾಲಿನಲ್ಲಿ ಕೂತ ನಾನೂ ನಕ್ಕೆ.

ಆ ಪೊರೆ ತೆಗೆಸಲು ನನ್ನನ್ನು ಕುರ್ಲಾಕ್ಕೆ ಕರೆದುಕೊಂಡು ಹೋದವರೇ ಅವರು, ಈ ಕೆಲಸ ಶುರುವಾಗುವ ಮೊದಲೇ.

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ನನ್ನ ಹೆಸರು ಹೋಗ್ತಿತ್ತು ಟೀಚರ್. ನಿಮಗೆ ಎಂತ ಹೋಗ್ಲಿಕ್ಕುಂಟು?" ಅಂದರು.

ಅವತ್ತಿನಿಂದ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ, ಮಂಡಿನೋವಿದ್ದರೂ.

ಹೋದ ತಿಂಗಳು ಉಪಾಧ್ಯರು ತೀರಿಕೊಂಡರು. ಫ್ಲ್ಯಾಟ್ ಖಾಲಿ ಮಾಡುವಾಗ ಅವರ ಸೊಸೆ ಒಂದು ಕಟ್ಟು ತಂದು, ಆಂಟಿ, ಇದರ ಮೇಲೆ ನಿಮ್ಮ ಹೆಸರಿದೆ ಎಂದು ಕೊಟ್ಟು ಹೋದಳು. ಆ ದೊಡ್ಡ ಕಲೆಯ ಹಾಳೆಯನ್ನು ಹುಡುಕಿ ತೆಗೆದು, ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದೆ. ಅವರ ಬಾಣಗಳ ಕೆಳಗೆ, ರಬ್ಬರಿಗೆ ಹೋಗದೆ ಉಳಿದ ನನ್ನ ಕ್ವೆಶ್ಚನ್ ಮಾರ್ಕುಗಳ ಗುಳಿ.

ಒಂದೊಂದೂ ಕಾಣಿಸಿತು, ಕನ್ನಡಕವಿಲ್ಲದೆ.