ಚುಕ್ಕಿ ಇಟ್ಟು ಕಟ್ಟಿದ ಕೋಟೆ

ಸಿಯಾಟಲ್‌ನ ಆಲ್ಕೈ ಕಡಲತೀರದಲ್ಲಿ ಮರಳಿನ ಕೋಟೆಗಳ ಸ್ಪರ್ಧೆ. ಉಬ್ಬರದ ನೀರು ಏರಿ ಬಂದಾಗ ಕೊನೆಗೆ ಉಳಿದ ಕೋಟೆಗೆ ಗೆಲುವು. ರೆಡ್ಮಂಡ್‌ನಲ್ಲಿ ಎಂಜಿನಿಯರ್ ಆಗಿರುವ ನನ್ನಕ್ಕ, ಫ್ಲೋರಿಡಾದಲ್ಲಿ ನೋಡಿಬಂದಿದ್ದ ಸ್ಪೇನಿನವರ ಹಳೆಯ ಕೋಟೆಯನ್ನೇ ಕಟ್ಟುತ್ತೇನೆಂದು ಹಟ ಹಿಡಿದಳು. ಅದರ ನಾಲ್ಕು ಮೂಲೆಯಲ್ಲೂ ಬಾಣದ ಮೊನೆಯಂಥ ಕೊತ್ತಳಗಳು. ಟೇಪು, ದಾರ ಏನೂ ಬೇಡವೆಂದು ಒದ್ದೆ ಮರಳಿನಲ್ಲಿ ರಂಗೋಲಿಯ ಚುಕ್ಕಿ ಇಟ್ಟು ಗೆರೆ ಎಳೆದಳು. ನಕ್ಷೆ ಒಂದಿಷ್ಟೂ ಸೊಟ್ಟಗಾಗದೆ ಮೂಡಿತು. ಆಮೇಲೆ ಗೋಡೆಯ ಮರಳಿಗೆ ಚಿಪ್ಪಿನ ಚೂರು ಬೆರೆಸತೊಡಗಿದಳು.

"ಚಿಪ್ಪು ಯಾಕೆ?" ಎಂದರು ಭಾವ.

"ಆ ಕೋಟೆನೂ ಚಿಪ್ಪಿನ ಕಲ್ಲಿಂದೇ ರೀ. ಫಿರಂಗಿ ಗುಂಡು ಬಿದ್ರೆ ಗೋಡೆ ಒಡೀತಿರ್ಲಿಲ್ಲ, ಗುಂಡನ್ನೇ ನುಂಗ್ಬಿಡ್ತಿತ್ತು."

ನಾನು ನಂಬಲಿಲ್ಲ. ಕೊನೆಗೆ ಅವಳು ಕೋಟೆಯ ಬಾಗಿಲ ಮುಂದೆ ಪುಟ್ಟ ರಂಗೋಲಿಯನ್ನೂ ಬಿಡಿಸಿದಾಗ ನಕ್ಕುಬಿಟ್ಟೆ.

ನೀರು ಬಂತು. ಪಕ್ಕದವರ ಎತ್ತರದ ಗೋಪುರಗಳು ಒಂದೊಂದಾಗಿ ಕುಸಿದವು. ನಮ್ಮ ಕೊತ್ತಳದ ಮೊನೆಗೆ ಬಡಿದ ಅಲೆ ಇಬ್ಭಾಗವಾಗಿ ಎರಡೂ ಬದಿಗೆ ಹರಿದುಹೋಯಿತು. ತೀರದಲ್ಲಿ ನಮ್ಮದೊಂದೇ ಕೋಟೆ ಉಳಿದಾಗ ತೀರ್ಪುಗಾರ್ತಿ ಅಕ್ಕನ ಕೈಯೆತ್ತಿ ಹಿಡಿದಳು, ಸುತ್ತಲೂ ಚಪ್ಪಾಳೆ. ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಬಾಗಿಲ ಮುಂದಿನ ರಂಗೋಲಿಯನ್ನು ಅಳಿಸಿ, ಹೊಸ್ತಿಲು ದಾಟದೆ ಹಿಂದೆ ಸರಿಯಿತು.

ಅಕ್ಕ ಕೈ ಬಿಡಿಸಿಕೊಂಡು, ಬಗ್ಗಿ, ಮತ್ತೆ ಚುಕ್ಕಿ ಇಟ್ಟಳು.